ಮೂತ್ರಲದಿಂದ ಮೂತ್ರಪಿಂಡ ರಕ್ಷಕಕ್ಕೆ: ಒಂದು ಪರಿಕಲ್ಪನೆಯ ಚರಿತ್ರೆ

ನೆಗ್ಗಿಲು, ಕೊಮ್ಮೆ ಮುಂತಾದ ಗಿಡಗಳ ಸಾರ ಮೂತ್ರಪಿಂಡವನ್ನು ವಿಷವಸ್ತುಗಳಿಂದ ಕಾಪಾಡುತ್ತದೆ ಎನ್ನುವಾಗ ಆಯುರ್ವೇದದ ಮೂಲಗ್ರಂಥಗಳನ್ನು ಆಧಾರವಾಗಿ ಹಿಡಿಯುವುದು ರೂಢಿ. ಆ ಆಧಾರ ಎಷ್ಟು ಗಟ್ಟಿ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಚರಕಸಂಹಿತೆಯ ಐವತ್ತು ಮಹಾಕಷಾಯಗಳಲ್ಲಿ ‘ಮೂತ್ರವಿರೇಚನೀಯ’ವೂ ಒಂದು. ಅದರ ಹತ್ತು ದ್ರವ್ಯಗಳಲ್ಲಿ ಶ್ವದಂಷ್ಟ್ರಾ, ಅಂದರೆ ನಮ್ಮ ನೆಗ್ಗಿಲು, ಪಾಷಾಣಭೇದ, ದರ್ಭೆ ಸೇರಿವೆ. ಮೂತ್ರ ಸಲೀಸಾಗಿ ಹೋಗುವಂತೆ ಮಾಡುವುದು, ಅಂದರೆ ಮೂತ್ರಲ ಗುಣ, ಇವುಗಳ ಕೆಲಸ. ಆದರೆ ಅದೇ ಗ್ರಂಥದ ವಿಮಾನಸ್ಥಾನ ಮೂತ್ರವಹ ಸ್ರೋತಸ್ಸಿಗೆ, ಎಂದರೆ ಮೂತ್ರ ಹರಿಯುವ ಮಾರ್ಗಕ್ಕೆ, ಬಸ್ತಿ (ಮೂತ್ರಕೋಶ) ಮತ್ತು ವಂಕ್ಷಣಗಳನ್ನು (ತೊಡೆಸಂದುಗಳನ್ನು) ಮೂಲವೆಂದು ಹೇಳಿ, ವೃಕ್ಕಗಳನ್ನು, ಎಂದರೆ ಮೂತ್ರಪಿಂಡಗಳನ್ನು, ಕೊಬ್ಬನ್ನು ಒಯ್ಯುವ ಮೇದೋವಹ ಸ್ರೋತಸ್ಸಿಗೆ ಸೇರಿಸುತ್ತದೆ. ಹೀಗಿರುವಾಗ ‘ಮೂತ್ರಲ’ ಎಂಬ ಗುಣವನ್ನು ‘ಮೂತ್ರಪಿಂಡ ರಕ್ಷಕ’ ಎಂದು ಓದಿಕೊಳ್ಳುವುದು ಸರಿಯಲ್ಲ. ವಿಷದಿಂದ ಕಾಪಾಡುವ ಮಾತಿಗೆ ಬಂದರೆ, ವಿಷಚಿಕಿತ್ಸೆಗೆ ಅಗದತಂತ್ರವೆಂಬ ಬೇರೆಯೇ ಶಾಖೆಯಿತ್ತು. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಕನ್ನಡದಲ್ಲಿ ಆ ಶಾಖೆಯ ಹಿರಿಯ ಕೃತಿ.

20ನೆಯ ಶತಮಾನದಲ್ಲಿ ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ರಾಮನಾಥ ಚೋಪ್ರಾ ದೇಶೀಯ ಔಷಧಿಗಳನ್ನು ಪ್ರಯೋಗಾಲಯಕ್ಕೆ ತಂದರು. ಕೊಮ್ಮೆಯಲ್ಲಿ, ಅಂದರೆ ಪುನರ್ನವದಲ್ಲಿ, ಅವರು ಹುಡುಕಿದ್ದೂ ಮೂತ್ರಲ ಗುಣವನ್ನೇ.

ಮೂತ್ರಲ ಗುಣದಿಂದ ರಕ್ಷಣೆಯ ಕಡೆಗೆ ಪ್ರಶ್ನೆ ಬದಲಾದದ್ದು ಹೊಸ ಮದ್ದುಗಳಿಂದ. ಜೆಂಟಾಮೈಸಿನ್ ಎಂಬ ಪ್ರತಿಜೀವಕದ ಕುರಿತ ಮೊದಲ ವರದಿ ಬಂದದ್ದು 1963ರಲ್ಲಿ. ಸಿಸ್‌ಪ್ಲಾಟಿನ್ 1978ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಮಂಜೂರಾಯಿತು. ಜೀವ ಉಳಿಸುವ ಈ ಎರಡೂ ಮದ್ದುಗಳು ಮೂತ್ರಪಿಂಡದ ಸೂಕ್ಷ್ಮನಾಳಗಳ ಜೀವಕೋಶಗಳಲ್ಲಿ ಸೇರಿಕೊಂಡು, ಉತ್ಕರ್ಷಣದ ಒತ್ತಡ ಹೆಚ್ಚಿಸಿ, ಅವನ್ನು ಕೊಲ್ಲಬಲ್ಲವು. ಇಲಿಗಳಿಗೆ ಇವನ್ನೇ ಚುಚ್ಚಿ, ಜೊತೆಗೆ ಗಿಡದ ಸಾರ ಕುಡಿಸಿ, ರಕ್ತದ ಯೂರಿಯಾ ಮತ್ತು ಕ್ರಿಯಾಟಿನಿನ್ ಅಳೆಯುವ ಪದ್ಧತಿ ಬೆಳೆಯಿತು. ‘ಮೂತ್ರಪಿಂಡ ರಕ್ಷಕ’ ಎಂಬ ಮಾತು ಗಿಡಗಳಿಗೆ ಅಂಟಿಕೊಂಡದ್ದು ಈ ಪದ್ಧತಿಯಿಂದ.

ಈ ಪ್ರಯೋಗಗಳಿಗೆ ಮಿತಿಯಿದೆ. ಸಾರವನ್ನು ಬಹುಪಾಲು ವಿಷದ ಮೊದಲೇ ಅಥವಾ ಜೊತೆಗೇ ಕೊಡುತ್ತಾರೆ. ರೋಗಿ ಬರುವುದಾದರೋ ಹಾನಿಯಾದ ಮೇಲೆ. ಸಿಸ್‌ಪ್ಲಾಟಿನ್‌ನಿಂದ ಮೂತ್ರಪಿಂಡವನ್ನು ಕಾಯುವ ಸಾರ ಕ್ಯಾನ್ಸರ್ ಗಡ್ಡೆಯನ್ನೂ ಕಾದರೆ ಚಿಕಿತ್ಸೆಯೇ ವ್ಯರ್ಥ. ಗಡ್ಡೆಯಿರುವ ಪ್ರಾಣಿಗಳಲ್ಲಿ ಪರೀಕ್ಷಿಸದೆ ಇದಕ್ಕೆ ಉತ್ತರವಿಲ್ಲ.

ಗಿಡವೇ ವಿಷವಾದ ಚರಿತ್ರೆಯೂ ನಮ್ಮ ಮುಂದಿದೆ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನೀ ಗಿಡಮೂಲಿಕೆಯ ಗುಳಿಗೆ ನುಂಗಿದ ಹೆಂಗಸರ ಮೂತ್ರಪಿಂಡಗಳು ಕೆಟ್ಟವು. ಒಂದು ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಕುಲದ ಗಿಡದ ಬೇರು ಬೆರೆತಿತ್ತು. ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಸಹ ಕಾಣಿಸಿತು. ನಮ್ಮ ಈಶ್ವರಿ ಬಳ್ಳಿ ಅದೇ ಕುಲದ್ದು. ಅದರಲ್ಲೂ ಅರಿಸ್ಟೊಲೋಕಿಕ್ ಆಮ್ಲವಿದೆ.

ಆದ್ದರಿಂದ ‘ರಕ್ಷಕ’ ಎಂಬ ಬಿರುದನ್ನು ಗ್ರಂಥದ ಹಳಮೆಯಾಗಲಿ ಇಲಿಯ ರಕ್ತವಾಗಲಿ ಕೊಡಲಾರದು. ಗಿಡದ ಗುರುತು, ಸಾರದ ಪ್ರಮಾಣ, ಮನುಷ್ಯರಲ್ಲಿ ನಡೆದ ಪರೀಕ್ಷೆ ಈ ಮೂರೂ ಕೂಡಿದಾಗ ಮಾತ್ರ ಅದು ಸಲ್ಲುತ್ತದೆ. ಅಲ್ಲಿಯವರೆಗೆ ಮೂತ್ರಪಿಂಡದ ರೋಗಿಗಳು ವೈದ್ಯರಿಗೆ ತಿಳಿಸದೆ ಯಾವ ಕಷಾಯವನ್ನೂ ಕುಡಿಯಬಾರದು.