ಮೂರು ಅಂಕಿಗಳ ಚರಿತ್ರೆ

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕೊರಳಿನಲ್ಲಿ ಹೊಸದೊಂದು ಡಿಜಿಟಲ್ ಕ್ಯಾಮೆರಾ. "ಸಾರ್, ಹೊರಗೆ ತೆಗೆದ ಚಿತ್ರಗಳೆಲ್ಲ ಚೆನ್ನಾಗಿ ಬರುತ್ತವೆ. ದೇವಸ್ಥಾನದ ಒಳಗೆ ತೆಗೆದರೆ ಕಪ್ಪಾಗುತ್ತವೆ, ಇಲ್ಲವೇ ಕಲಸಿಹೋಗುತ್ತವೆ, ಅದೂ ಅಲ್ಲದಿದ್ದರೆ ರವೆ ಚೆಲ್ಲಿದ ಹಾಗೆ ಕಾಣುತ್ತವೆ. ಬೇರೆ ಲೆನ್ಸ್ ಕೊಳ್ಳಬೇಕೇ?" ಎಂದು ಕೇಳಿದ. ಕ್ಯಾಮೆರಾದ ಹಿಂಬದಿಯ ಪರದೆಯ ಅಂಚಿನಲ್ಲಿ ಮೂರು ಅಂಕಿಗಳಿದ್ದವು. "ಇವುಗಳ ಅರ್ಥ ಗೊತ್ತೇನಪ್ಪಾ?" ಎಂದೆ. "ಅದನ್ನೆಲ್ಲ ಕ್ಯಾಮೆರಾ ತಾನೇ ನೋಡಿಕೊಳ್ಳುತ್ತದೆ ಸಾರ್" ಎಂದು ನಕ್ಕ. ನಾನೂ ಒಂದು ಕಾಲದಲ್ಲಿ ಹಾಗೆಯೇ ನಂಬಿದ್ದೆ. ಅದರ ಫಲವನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆ ಅಂಕಿಗಳು ಎಲ್ಲಿಂದ ಬಂದವೆಂಬುದನ್ನು ನೋಡೋಣ.

ಮೊದಲನೆಯ ಅಂಕಿ ಕಾಲ. ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕೆಂಬುದನ್ನು ಅದು ಹೇಳುತ್ತದೆ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826-27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ಕಂಡ ಮಾಡು, ಗೋಡೆಗಳನ್ನು ಡಾಂಬರು ಬಳಿದ ಲೋಹದ ತಗಡಿನ ಮೇಲೆ ಮೂಡಿಸಿದಾಗ ಅದಕ್ಕೆ ಹಲವು ಗಂಟೆಗಳ ಬಿಸಿಲು ಬೇಕಾಯಿತು. ಡಾಗೆರ್‌ನ ವಿಧಾನವನ್ನು 1839ರಲ್ಲಿ ಫ್ರೆಂಚ್ ಸರ್ಕಾರ ಲೋಕಕ್ಕೆ ಪ್ರಕಟಿಸುವ ವೇಳೆಗೆ ಗಂಟೆಗಳು ನಿಮಿಷಗಳಿಗೆ ಇಳಿದಿದ್ದವು. 1838ರಲ್ಲಿ ಅವನು ತೆಗೆದ ಪ್ಯಾರಿಸ್ ಬೀದಿಯ ಚಿತ್ರವೊಂದು ಪ್ರಸಿದ್ಧವಾಗಿದೆ. ಹಾಡುಹಗಲಿನ ಆ ಬೀದಿ ಬಹುಪಾಲು ನಿರ್ಜನವಾಗಿ ಕಾಣುತ್ತದೆ. ಓಡಾಡುತ್ತಿದ್ದ ಜನರೂ ಗಾಡಿಗಳೂ ಅಚ್ಚಾಗಲೇ ಇಲ್ಲ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ನಿಂತಿದ್ದ ಒಬ್ಬ ಮನುಷ್ಯ ಮಾತ್ರ ಸ್ಪಷ್ಟವಾಗಿ ಉಳಿದುಕೊಂಡ. ಚಲಿಸುವುದು ಅಳಿಸಿಹೋಗುತ್ತದೆ, ನಿಂತದ್ದು ಉಳಿಯುತ್ತದೆ ಎಂಬ ಪಾಠ ಅಲ್ಲಿಯೇ ಇತ್ತು. ಇಂದಿನ ಹವ್ಯಾಸಿಯ ಚಿತ್ರ ಕಲಸಿಹೋಗುವುದೂ ಅದೇ ಕಾರಣದಿಂದ. ಅಲುಗುವುದು ಕೆಲವೊಮ್ಮೆ ಅವನ ಕೈ ಅಷ್ಟೆ.

1871ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯರು ಜೆಲಟಿನ್ ಬಳಿದ ಒಣ ಫಲಕವನ್ನು ಸೂಚಿಸಿದರು. ಆ ದಶಕ ಮುಗಿಯುವುದರೊಳಗೆ ಅದು ಸುಧಾರಿಸಿ, ಒಂದು ಸೆಕೆಂಡಿನ ಅಲ್ಪಭಾಗದಲ್ಲಿ ಚಿತ್ರ ತೆಗೆಯುವುದು ಸಾಮಾನ್ಯರಿಗೂ ಸಾಧ್ಯವಾಯಿತು. ಅಲ್ಲಿಯವರೆಗೆ ಮಸೂರದ ಮುಚ್ಚಳವನ್ನು ಕೈಯಿಂದ ತೆಗೆದು, ಎಣಿಸಿ, ಮತ್ತೆ ಮುಚ್ಚಿದರೆ ಸಾಕಾಗುತ್ತಿತ್ತು. ಇನ್ನು ಮುಂದೆ ಕೈ ಸಾಲದು, ಯಂತ್ರವೇ ಬೇಕು. ಷಟರ್ ಎಂಬುದು ಕ್ಯಾಮೆರಾದ ನಿತ್ಯದ ಅಂಗವಾದದ್ದು ಹೀಗೆ.

ಎರಡನೆಯ ಅಂಕಿ ರಂಧ್ರದ್ದು, ಅಂದರೆ ಅಪರ್ಚರ್. 1.4, 2, 2.8, 4, 5.6, 8, 11, 16 ಎಂಬ ಈ ಸಾಲನ್ನು ಕಂಡು ಹೊಸಬರು ಬೆದರುತ್ತಾರೆ. ಇದು ಹೈಸ್ಕೂಲಿನ ಗಣಿತಕ್ಕಿಂತ ಹೆಚ್ಚಿನದಲ್ಲ. ಮಸೂರದ ನಾಭಿದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವ ಅಂಕಿಯೇ ಅದು. ಆದ್ದರಿಂದಲೇ ಅಂಕಿ ದೊಡ್ಡದಾದಷ್ಟೂ ರಂಧ್ರ ಚಿಕ್ಕದು. ವೃತ್ತದ ಕ್ಷೇತ್ರಫಲವು ವ್ಯಾಸದ ವರ್ಗಕ್ಕೆ ಅನುಗುಣವಾದುದರಿಂದ, ಬೆಳಕನ್ನು ಅರ್ಧಕ್ಕೆ ಇಳಿಸಲು ಅಂಕಿಯನ್ನು ಎರಡರ ವರ್ಗಮೂಲದಿಂದ, ಎಂದರೆ ಸುಮಾರು 1.4ರಿಂದ, ಗುಣಿಸಬೇಕು. ರಂಧ್ರ ಹಿರಿದಾದರೆ ಬೆಳಕು ಹೆಚ್ಚು, ಆದರೆ ಸ್ಪಷ್ಟವಾಗಿ ಕಾಣುವ ಆಳ ಕಡಿಮೆ. ಮುಂದಿನ ಮುಖ ಸ್ಫುಟವಾಗಿ, ಹಿಂದಿನ ಕಂಬ ಮಸುಕಾಗುತ್ತದೆ.

ಮೂರನೆಯ ಅಂಕಿಯೇ ಐಎಸ್ಒ. ಒಂದು ಫಲಕಕ್ಕೆ ಎಷ್ಟು ಬೆಳಕು ಬೇಕೆಂಬುದು ಬಹುಕಾಲ ಅನುಭವಿಗಳ ಊಹೆಯಾಗಿತ್ತು. 1890ರಲ್ಲಿ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬ ಇಬ್ಬರು ಬೆಳಕಿಗೂ ಫಲಕದ ಕಪ್ಪಿಗೂ ಇರುವ ಸಂಬಂಧವನ್ನು ಅಳೆದು ಪ್ರಕಟಿಸಿದರು. 1934ರಲ್ಲಿ ಜರ್ಮನಿಯ ಡಿಐಎನ್, 1943ರಲ್ಲಿ ಅಮೆರಿಕದ ಎಎಸ್ಎ ಮಾನಕಗಳು ಬಂದವು. 1974ರಿಂದ ಇವೆರಡನ್ನೂ ಒಂದುಗೂಡಿಸಿ ಐಎಸ್ಒ ಎಂದರು. ಹಳೆಯ ಫಿಲ್ಮ್ ಡಬ್ಬಿಗಳ ಮೇಲೆ 100/21° ಎಂದು ಎರಡು ಅಂಕಿಗಳಿರುತ್ತಿದ್ದುದು ಆ ಒಪ್ಪಂದದ ಗುರುತು.

ಈ ಮೂರು ಅಂಕಿಗಳ ಗೊಡವೆಯಿಂದ ಜನರನ್ನು ಬಿಡಿಸಿದವರು ಜಾರ್ಜ್ ಈಸ್ಟ್‌ಮನ್. 1888ರ ಅವರ ಕೊಡಕ್ ಕ್ಯಾಮೆರಾದಲ್ಲಿ ನೂರು ಚಿತ್ರಗಳ ಸುರುಳಿ ಇರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಿದರಾಯಿತು. 1900ರಲ್ಲಿ ಬಂದ ಬ್ರೌನಿಯ ಬೆಲೆ ಒಂದೇ ಡಾಲರು. "ಎಲ್ಲವನ್ನೂ ಕ್ಯಾಮೆರಾ ನೋಡಿಕೊಳ್ಳುತ್ತದೆ" ಎಂಬ ನನ್ನ ವಿದ್ಯಾರ್ಥಿಯ ಮಾತಿಗೆ ಹೀಗೆ ನೂರು ವರ್ಷಕ್ಕೂ ಮಿಕ್ಕಿದ ವಂಶಾವಳಿಯಿದೆ. ಹೊರಗಿನ ಬಿಸಿಲಿನಲ್ಲಿ ಆ ಮಾತು ನಿಜವೂ ಹೌದು.

ಡಿಜಿಟಲ್ ಯುಗ ಇದನ್ನೆಲ್ಲ ಅಳಿಸಿಹಾಕಿತೆಂದು ಹಲವರು ಭಾವಿಸಿದ್ದಾರೆ. 1975ರಲ್ಲಿ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ರಚಿಸಿದ ಮೊದಲ ಡಿಜಿಟಲ್ ಕ್ಯಾಮೆರಾದ ಚಿತ್ರ ಕೇವಲ 100 × 100 ಬಿಂದುಗಳದ್ದು. ಅದನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡು ಹಿಡಿಯುತ್ತಿತ್ತು. ಇಂದಿನ ಕ್ಯಾಮೆರಾಗಳಲ್ಲಿ ಕೋಟಿಗಟ್ಟಲೆ ಬಿಂದುಗಳಿವೆ. ಆದರೂ ಅಳತೆಗಳು ಹಳೆಯವೇ. ಇಂದು 'ಫುಲ್ ಫ್ರೇಮ್' ಎನ್ನುವ 36 × 24 ಮಿ.ಮೀ. ಚೌಕಟ್ಟು, ಸಿನಿಮಾ ಫಿಲ್ಮನ್ನು ಬಳಸಿ ಆಸ್ಕರ್ ಬಾರ್ನಾಕ್ ರೂಪಿಸಿದ, 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾದ್ದು. ಐಎಸ್ಒ ಅಂಕಿಯ ಒಳಗುಟ್ಟು ಮಾತ್ರ ಬದಲಾಗಿದೆ. ಫಿಲ್ಮಿನಲ್ಲಿ ಅದು ನಿಜವಾಗಿಯೂ ಸಂವೇದನೆಯ ಅಳತೆ. ಡಿಜಿಟಲ್‌ನಲ್ಲಿ ಅದನ್ನು ಏರಿಸಿದರೆ ಬೆಳಕು ಹೆಚ್ಚುವುದಿಲ್ಲ, ಸಿಕ್ಕಿದಷ್ಟೇ ಬೆಳಕಿನ ಸಂಕೇತವನ್ನು ಯಂತ್ರ ದೊಡ್ಡದು ಮಾಡಿ ತೋರಿಸುತ್ತದೆ. ಧ್ವನಿವರ್ಧಕದಲ್ಲಿ ಭಾಷಣದ ಜೊತೆಗೆ ಗೊರಗೊರ ಸದ್ದೂ ಹೆಚ್ಚುವಂತೆ, ಚಿತ್ರದಲ್ಲಿ ರವೆ ಹೆಚ್ಚುತ್ತದೆ.

ಇನ್ನು ನನ್ನ ಕಥೆ. 1988ರಲ್ಲಿ ಮಕ್ಕಳನ್ನು ಬೇಲೂರಿಗೆ ಪ್ರವಾಸ ಕರೆದೊಯ್ದಿದ್ದೆ. ಕೈಯಲ್ಲಿ ಅಣ್ಣನ ಆಗ್ಫಾ ಕ್ಲಿಕ್-3. ಸೂರ್ಯ, ಮೋಡಗಳ ಗುರುತು, ಸುರುಳಿಗೆ ಹನ್ನೆರಡು ಚಿತ್ರ. ಹನ್ನೊಂದನ್ನು ಅಂಗಳದಲ್ಲಿ ತೆಗೆದಿದ್ದೆ. ನವರಂಗದೊಳಗೆ ನರಸಿಂಹ ಕಂಬದ ಬಳಿ ಒಬ್ಬ ಹುಡುಗ, "ಸಾರ್, ನಂದೊಂದು" ಎಂದ. ಮೋಡದ ಗುರುತಿಗೆ ತಿರುಗಿಸಿ ಒತ್ತಿದೆ. ತೊಳೆಸಿದಾಗ ಹನ್ನೆರಡನೆಯದು ಗಾಜಿನಂತೆ ಬರಿದಾಗಿತ್ತು. ಮುಂದಿನ ವರ್ಷ ತೆಗೆಯೋಣವೆಂದು ಹುಡುಗನಿಗೆ ಹೇಳಿದೆ. ಆ ಮಳೆಗಾಲದಲ್ಲಿ ಅವನು ಜ್ವರದಿಂದ ತೀರಿಕೊಂಡ.

ಅವನ ತಂದೆ ಶಾಲೆಗೆ ಬಂದು, "ಮೇಷ್ಟ್ರೇ, ಟೂರಿನಲ್ಲಿ ಫೋಟೋ ತೆಗೆದಿದ್ದಿರಂತೆ" ಎಂದರು. ಗುಂಪಿನ ಚಿತ್ರಗಳಲ್ಲಿ ಅವನು ಹಿಂದೆ ನಿಂತಿದ್ದರಿಂದ ಹಣೆಯಷ್ಟೇ ಕಾಣುತ್ತಿತ್ತು. ಆ ಬರಿದಾದ ನೆಗೆಟಿವ್ ತುಂಡನ್ನೂ ತೋರಿಸಿದೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಏನೋ ಕಾಣುತ್ತೆ" ಎಂದರು. ನನಗೆ ಏನೂ ಕಾಣಲಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಹೋದರು.

ಬಹಳ ದಿನಗಳ ಮೇಲೆ ಲೆಕ್ಕ ಹಾಕಿದೆ. ಬಿಸಿಲಿನ ಅಂಗಳಕ್ಕೂ ಮಬ್ಬಿನ ಮಂಟಪಕ್ಕೂ ಅರ್ಧರ್ಧವಾಗಿ ಇಳಿಯುವ ಹತ್ತು ಮೆಟ್ಟಿಲುಗಳ ಅಂತರವಿದೆಯೆಂದುಕೊಂಡರೆ, ಬೆಳಕಿನ ವ್ಯತ್ಯಾಸ ಎರಡರ ಹತ್ತನೆಯ ಘಾತ, ಎಂದರೆ 1024 ಪಟ್ಟು. ಕಣ್ಣು ಹೊಂದಿಕೊಳ್ಳುವುದರಿಂದ ನಮಗದು ತಿಳಿಯುವುದಿಲ್ಲ. ಆ ಕ್ಯಾಮೆರಾದ ಮೋಡದ ಗುರುತಿಗೆ ಅಷ್ಟು ಶಕ್ತಿಯಿರಲಿಲ್ಲ. ಹುಡುಗನನ್ನು ಬಾಗಿಲಾಚೆಗೆ ಕರೆದಿದ್ದರೆ ಸಾಕಾಗಿತ್ತು.

ನನ್ನ ವಿದ್ಯಾರ್ಥಿಗೆ ಹೇಳಿದ್ದು ಇಷ್ಟೆ: "ಸದ್ಯಕ್ಕೆ ಲೆನ್ಸ್ ಕೊಳ್ಳಬೇಡ. ಒಳಗೆ ಹೋದಾಗ ರಂಧ್ರವನ್ನು ಆದಷ್ಟು ಹಿರಿದು ಮಾಡು. ನಿಂತ ಮನುಷ್ಯನಿಗೆ ಸೆಕೆಂಡಿನ 1/60 ಭಾಗ ಸಾಕು. ಕೈ ನಡುಗಿದರೆ ಕಂಬಕ್ಕೆ ಒರಗಿಕೋ. ಬರೀ ಶಿಲ್ಪವಾದರೆ ಇನ್ನೂ ನಿಧಾನವಾಗಲಿ. ಉಳಿದ ಕೊರತೆಯನ್ನು ಐಎಸ್ಒ ತುಂಬಲಿ, 1600 ಆದರೂ 3200 ಆದರೂ ಹೆದರಬೇಡ. ರವೆ ಕಂಡರೂ ಮುಖ ಕಾಣುತ್ತದೆ. ಒತ್ತಿದ ಮೇಲೆ ಪರದೆಯನ್ನು ನೋಡು. ಆ ಭಾಗ್ಯ ನನಗಿರಲಿಲ್ಲ."

ಅವನು ಅಲ್ಲಿಯೇ, ನಮ್ಮ ನಡುಮನೆಯ ಮಂದ ಬೆಳಕಿನಲ್ಲಿ, ಮೂರು ಅಂಕಿಗಳನ್ನೂ ತಾನೇ ತಿರುಗಿಸಿ ನನ್ನದೊಂದು ಚಿತ್ರ ತೆಗೆದ. ಸ್ವಲ್ಪ ರವೆಯಿತ್ತು. ಚೆನ್ನಾಗಿಯೇ ಬಂದಿತ್ತು.