ತರಗತಿ ಚರ್ಚಾಕೂಟ ಮತ್ತು ವಾದಾತ್ಮಕ ಪ್ರಬಂಧ ಬೋಧನೆ

ತರಗತಿ ಚರ್ಚಾಕೂಟವು ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ವಾದಾತ್ಮಕ ಪ್ರಬಂಧ ರಚನೆಯನ್ನು ಕಲಿಸುವ ಬೋಧನಾ ವಿಧಾನಗಳಲ್ಲಿ ಒಂದು. ವಿಷಯದ ಪರ ಮತ್ತು ವಿರೋಧವಾಗಿ ಮೊದಲು ಮಾತನಾಡಿ, ಬಳಿಕ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ನಿಲುವನ್ನು ಬರೆಹದಲ್ಲಿ ಸಮರ್ಥಿಸುವುದು ಇದರ ಕ್ರಮ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಜನಜೀವನವು ಈ ವಿಧಾನಕ್ಕೆ ತಕ್ಕ ವಿಷಯಗಳನ್ನು ಒದಗಿಸುತ್ತದೆ.

ಹಿನ್ನೆಲೆ

ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ನಿರೂಪಿಸಿ, ಅದಕ್ಕೆ ಉತ್ತರ ಹೇಳಿ ಸಿದ್ಧಾಂತವನ್ನು ಸ್ಥಾಪಿಸುವ ಪದ್ಧತಿ ಭಾರತೀಯ ಶಾಸ್ತ್ರಗ್ರಂಥಗಳಲ್ಲಿ ಪ್ರಾಚೀನವಾದುದು. ಕರ್ನಾಟಕದ ಶಾಲೆಗಳಲ್ಲಿ ನಡೆಯುವ ಪ್ರತಿಭಾ ಕಾರಂಜಿಯಲ್ಲಿ ಚರ್ಚಾಸ್ಪರ್ಧೆಯೂ ಸೇರಿದೆ. ಆದರೆ ಸ್ಪರ್ಧೆಯಲ್ಲಿ ಆಯ್ದ ಕೆಲವರು ಮಾತ್ರ ಮಾತನಾಡುತ್ತಾರೆ. ತರಗತಿ ಚರ್ಚಾಕೂಟದಲ್ಲಿ ಕೇಳುಗರಿಗೂ ಬರೆಯುವ ಹೊಣೆಯಿರುತ್ತದೆ.

ವಿಷಯಗಳ ಆಯ್ಕೆ

ನಿಪ್ಪಾಣಿ ಪರಿಸರವು ತಂಬಾಕು ಮತ್ತು ಬೀಡಿ ಉದ್ಯಮಕ್ಕೆ ಹೆಸರಾದುದು. 1981ರಲ್ಲಿ ಇಲ್ಲಿನ ತಂಬಾಕು ಬೆಳೆಗಾರರು ನ್ಯಾಯಯುತ ಬೆಲೆಗಾಗಿ ದೊಡ್ಡ ಚಳವಳಿ ನಡೆಸಿದರು. ‘ತಂಬಾಕು ಕೃಷಿಯನ್ನು ಕೈಬಿಡಬೇಕು’ ಎಂಬ ವಿಷಯವನ್ನು ಕೊಟ್ಟಾಗ ಒಂದು ಪಕ್ಷವು ಆರೋಗ್ಯದ ಹಾನಿಯನ್ನೂ ಇನ್ನೊಂದು ಪಕ್ಷವು ರೈತರ ಮತ್ತು ಬೀಡಿ ಕಟ್ಟುವ ಮಹಿಳೆಯರ ಜೀವನೋಪಾಯವನ್ನೂ ಮುಂದಿಡಬಹುದು. ಕೃಷ್ಣಾ ತೀರದ ಕಬ್ಬಿನ ಬೆಳೆ, ಅತಿ ನೀರಾವರಿಯಿಂದ ಭೂಮಿ ಸವುಳು-ಜವುಳಾಗುವುದು ಇಂಥದೇ ಇನ್ನೊಂದು ವಿಷಯ.

ಬೋಧನಾ ಕ್ರಮ

ಪಕ್ಷಗಳನ್ನು ಚೀಟಿ ಎತ್ತಿ ನಿರ್ಧರಿಸಲಾಗುತ್ತದೆ. ಆದ್ದರಿಂದ ಬೀಡಿ ಕಾರ್ಮಿಕರ ಮನೆಯ ವಿದ್ಯಾರ್ಥಿಯು ತನ್ನ ಮನೆಯ ದುಡಿಮೆಯ ವಿರುದ್ಧವೇ ಮಾತನಾಡಬೇಕಾಗಬಹುದು. ಇಂಥ ಸಂದರ್ಭದಲ್ಲಿ ವಾದವನ್ನು ವ್ಯಕ್ತಿಯಿಂದ ಬೇರ್ಪಡಿಸಿ ನೋಡುವುದನ್ನು ಶಿಕ್ಷಕರು ಮೊದಲೇ ಕಲಿಸಬೇಕಾಗುತ್ತದೆ. ಕೇಳುಗರು ಹಾಳೆಯನ್ನು ಎರಡು ಭಾಗ ಮಾಡಿ ಪರ-ವಿರೋಧದ ಅಂಶಗಳನ್ನು ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಬರೆಯುವಾಗ ಪಕ್ಷದ ಕಟ್ಟುಪಾಡಿಲ್ಲ, ನಿಲುವು ವಿದ್ಯಾರ್ಥಿಯದೇ. ಪ್ರಬಂಧದಲ್ಲಿ ನಿಲುವು, ಕಾರಣ, ಆಧಾರ, ಎದುರು ವಾದಕ್ಕೆ ಉತ್ತರ ಮತ್ತು ಉಪಸಂಹಾರ ಇರಬೇಕು.

ಭಾಷೆ

ಗಡಿಭಾಗದ ಈ ಪ್ರದೇಶದಲ್ಲಿ ಕನ್ನಡದೊಂದಿಗೆ ಮರಾಠಿ ಮತ್ತು ಉರ್ದು ಬಳಕೆಯಲ್ಲಿವೆ. ಚರ್ಚೆಯಲ್ಲಿ ಆಡುನುಡಿಗೆ ಅವಕಾಶವಿತ್ತರೆ ಸಂಕೋಚವುಳ್ಳವರೂ ಬಾಯಿ ಬಿಡುತ್ತಾರೆ. ಅದೇ ವಿಚಾರವನ್ನು ಗ್ರಂಥಭಾಷೆಗೆ ತರುವುದು ಬರೆಹದ ಹಂತದ ಅಭ್ಯಾಸ.

ಮಿತಿಗಳು

ಗಟ್ಟಿ ಧ್ವನಿಯನ್ನೇ ಗಟ್ಟಿ ವಾದವೆಂದು ಭಾವಿಸುವ ಅಪಾಯ ಈ ವಿಧಾನದಲ್ಲಿದೆ. ಹಿರಿಯರು ಬರೆದುಕೊಟ್ಟ ಭಾಷಣವನ್ನು ಕಂಠಪಾಠ ಮಾಡಿ ಒಪ್ಪಿಸಿದರೆ ವಿದ್ಯಾರ್ಥಿಯ ಸ್ವಂತ ವಿಚಾರ ಬೆಳೆಯುವುದಿಲ್ಲ. ಎದುರು ಪಕ್ಷದ ಅತ್ಯಂತ ಬಲವಾದ ಅಂಶವನ್ನು ಅದು ಇದ್ದಂತೆಯೇ ಬರೆದು ಅದಕ್ಕೆ ಉತ್ತರಿಸಿದ್ದಾರೆಯೇ ಎಂಬುದನ್ನು ಮೌಲ್ಯಮಾಪನದ ಮುಖ್ಯ ಅಳತೆಗೋಲಾಗಿಸಿದರೆ ಈ ದೋಷಗಳು ಬಹುಮಟ್ಟಿಗೆ ತಗ್ಗುತ್ತವೆ.