ಎಐ ಬರೆದ ಕೋಡ್‌ಗೆ ಓಪನ್ ಸೋರ್ಸ್‌ನಲ್ಲಿ ಜಾಗವಿದೆಯೇ? ಫೆಡೋರಾದಿಂದ ಕರ್ಲ್‌ವರೆಗೆ ಯಾರ ನಿಯಮ ಏನು? ಇಲ್ಲಿದೆ ಮಾಹಿತಿ

ಪುಣೆ: ಲಿನಕ್ಸ್ ಕಂಪ್ಯೂಟರ್‌ನಲ್ಲಿ ಕನ್ನಡ ಓದಿದವರಿಗೆ ಲೋಹಿತ್ ಕನ್ನಡ ಫಾಂಟ್ ಪರಿಚಿತ. ಅದರ ಮೂಲ ಇರುವುದು ಪುಣೆಯಲ್ಲಿ. ಡಿಟಿಪಿ ಅಂಗಡಿಗಳಿಗೆ ಶ್ರೀಲಿಪಿ ಕೊಟ್ಟ ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯೇ ಲೋಹಿತ್ ಫಾಂಟ್‌ಗಳನ್ನೂ ಒದಗಿಸಿತ್ತು. ಅಮೆರಿಕದ ರೆಡ್ ಹ್ಯಾಟ್ ಸಂಸ್ಥೆ ಅವುಗಳನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಅದೇ ರೆಡ್ ಹ್ಯಾಟ್‌ಗೆ ಪುಣೆಯಲ್ಲಿ ಎಂಜಿನಿಯರಿಂಗ್ ಕಚೇರಿಯೂ ಇದೆ.

ಈ ಕಂಪನಿ ಪ್ರಾಯೋಜಿಸುವ ಫೆಡೋರಾ ಲಿನಕ್ಸ್ ಯೋಜನೆ 2025ರ ಅಕ್ಟೋಬರ್‌ನಲ್ಲಿ ಮಹತ್ವದ ನೀತಿಯೊಂದಕ್ಕೆ ಒಪ್ಪಿಗೆ ನೀಡಿದೆ. ಕೃತಕ ಬುದ್ಧಿಮತ್ತೆ, ಅಂದರೆ ಎಐ ನೆರವಿನಿಂದ ಬರೆದ ಕೋಡ್ ಅನ್ನು ಯಾವ ಷರತ್ತಿನ ಮೇಲೆ ಸ್ವೀಕರಿಸಬೇಕು ಎಂಬುದೇ ಆ ನೀತಿಯ ವಿಷಯ. ಓಪನ್ ಸೋರ್ಸ್‌ಗೆ ಕೋಡ್ ಕಳುಹಿಸುವ ಎಂಜಿನಿಯರ್‌ಗಳು ಮತ್ತು ವಿದ್ಯಾರ್ಥಿಗಳು ಇದನ್ನು ತಿಳಿದಿರುವುದು ಒಳ್ಳೆಯದು.

ನೀತಿ ಯಾಕೆ ಬೇಕಾಯಿತು?

ಓಪನ್ ಸೋರ್ಸ್ ಯೋಜನೆಗೆ ಜಗತ್ತಿನ ಯಾರು ಬೇಕಾದರೂ ಕೋಡ್ ಕಳುಹಿಸಬಹುದು. ಅದನ್ನು ಸೇರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಮೇಂಟೇನರ್‌ಗಳು. ಅನೇಕರು ಇದನ್ನು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಮಾಡುತ್ತಾರೆ.

ಮೊದಲು ನೂರು ಸಾಲು ಕೋಡ್ ಬರೆಯಲು ಕಳುಹಿಸುವವರಿಗೂ ಸಾಕಷ್ಟು ಸಮಯ ಬೇಕಿತ್ತು. ಈಗ ಎಐ ಅದನ್ನು ಕೆಲವೇ ಕ್ಷಣಗಳಲ್ಲಿ ಬರೆದುಕೊಡುತ್ತದೆ. ಆದರೆ ಓದಿ ಪರಿಶೀಲಿಸುವವರ ಸಮಯ ಮಾತ್ರ ಅಷ್ಟೇ ಇದೆ. ಒತ್ತಡ ಹುಟ್ಟಿರುವುದು ಇಲ್ಲೇ.

ಕನ್ನಡದ್ದೇ ಉದಾಹರಣೆ ನೋಡಿ. 'ಸೂರ್ಯ' ಪದದಲ್ಲಿ 'ರ್' ಉಚ್ಚಾರಣೆ ಮೊದಲು ಬರುತ್ತದೆ, ಆದರೆ ಅರ್ಕಾವತ್ತಿನ ಗುರುತು ಅಕ್ಷರದ ನಂತರ ಮೂಡಬೇಕು. ಫಾಂಟ್‌ನಲ್ಲಿ ಇದಕ್ಕೆ ಪ್ರತ್ಯೇಕ ನಿಯಮ ಬರೆಯಲಾಗಿರುತ್ತದೆ. ಎಐ ಕೊಟ್ಟ ತಿದ್ದುಪಡಿ ನೂರು ಪದಗಳಲ್ಲಿ ಸರಿಯಾಗಿ ಕಂಡು, ಇಂಥ ಒಂದು ಕಡೆ ಕೆಟ್ಟರೆ ಅದನ್ನು ಗುರುತಿಸಲು ಕನ್ನಡ ಓದಬಲ್ಲ ಮನುಷ್ಯರೇ ಬೇಕು.

ಫೆಡೋರಾ ನೀತಿಯಲ್ಲಿ ಏನಿದೆ?

* ಎಐ ಬಳಸಬಹುದು. ಆದರೆ ಕಳುಹಿಸಿದ ಕೋಡ್‌ನ ಗುಣಮಟ್ಟ, ಪರವಾನಗಿ, ಉಪಯುಕ್ತತೆ ಎಲ್ಲದಕ್ಕೂ ಕಳುಹಿಸಿದವರೇ ಹೊಣೆ.
* ಕೊಡುಗೆಯ ಗಣನೀಯ ಭಾಗವನ್ನು ಎಐನಿಂದ ಹಾಗೆಯೇ ತೆಗೆದುಕೊಂಡಿದ್ದರೆ ಅದನ್ನು ಬಹಿರಂಗಪಡಿಸಬೇಕು. ಇದಕ್ಕಾಗಿ 'ಅಸಿಸ್ಟೆಡ್ ಬೈ' ಎಂಬ ಟ್ಯಾಗ್ ಸೂಚಿಸಲಾಗಿದೆ.
* ವ್ಯಾಕರಣ, ಕಾಗುಣಿತ ತಿದ್ದಲು ಮಾತ್ರ ಎಐ ಬಳಸಿದ್ದರೆ ಹೇಳಬೇಕಿಲ್ಲ.
* ಪರಿಶೀಲಕರು ಎಐ ನೆರವು ಪಡೆಯಬಹುದು. ಆದರೆ ಅಂತಿಮ ತೀರ್ಮಾನ ಮನುಷ್ಯರದ್ದೇ ಆಗಿರಬೇಕು.

ಎಐ ಕೋಡ್ ಬೇಡವೆಂದ ಯೋಜನೆಗಳು ಯಾವುವು?

ಎಲ್ಲರೂ ಫೆಡೋರಾ ಹಾದಿ ಹಿಡಿದಿಲ್ಲ. ಜೆಂಟೂ ಲಿನಕ್ಸ್ 2024ರ ಏಪ್ರಿಲ್‌ನಲ್ಲೇ ಎಐ ನೆರವಿನ ಕೊಡುಗೆಗಳನ್ನು ನಿಷೇಧಿಸಿತು. ಅದು ಕೊಟ್ಟ ಕಾರಣಗಳು ಮೂರು: ಕಾಪಿರೈಟ್, ಗುಣಮಟ್ಟ ಮತ್ತು ನೈತಿಕತೆ. ಮರು ತಿಂಗಳೇ ನೆಟ್‌ಬಿಎಸ್‌ಡಿ ಕೂಡ ನಿಯಮ ಬದಲಿಸಿತು. ಎಐ ರಚಿಸಿದ ಕೋಡ್ 'ಕಳಂಕಿತ' ಎಂದೇ ಭಾವಿಸಲಾಗುತ್ತದೆ, ಮುಖ್ಯ ತಂಡದ ಲಿಖಿತ ಅನುಮತಿಯಿಲ್ಲದೆ ಸೇರಿಸುವಂತಿಲ್ಲ ಎಂದಿತು.

2025ರ ಜೂನ್‌ನಲ್ಲಿ ಕ್ಯೂಇಎಂಯು ಯೋಜನೆಯೂ ಎಐ ಕೋಡ್ ಸ್ವೀಕರಿಸುವುದಿಲ್ಲ ಎಂದು ಪ್ರಕಟಿಸಿತು. ಅದರ ಕಾರಣ ಕಾನೂನಿಗೆ ಸಂಬಂಧಿಸಿದ್ದು. ಅಲ್ಲಿ ಕೋಡ್ ಕಳುಹಿಸುವವರು 'ಇದನ್ನು ಸಲ್ಲಿಸುವ ಹಕ್ಕು ನನಗಿದೆ' ಎಂದು ಪ್ರಮಾಣೀಕರಿಸಿ ಸಹಿ ಹಾಕಬೇಕು. ಲಿನಕ್ಸ್ ಕರ್ನಲ್ 2004ರಲ್ಲಿ ತಂದ ಪದ್ಧತಿಯಿದು. ಎಐ ಯಾವ ಮೂಲದಿಂದ ಕಲಿತು ಆ ಸಾಲು ಬರೆಯಿತು ಎಂಬುದೇ ಸ್ಪಷ್ಟವಿಲ್ಲದಿದ್ದಾಗ ಅಂಥ ಪ್ರಮಾಣ ಮಾಡುವುದು ಹೇಗೆ ಎಂಬುದು ಅವರ ಪ್ರಶ್ನೆ.

ಲಿನಕ್ಸ್ ಕರ್ನಲ್ ಮಾತ್ರ ನಿಷೇಧದ ಮೊರೆ ಹೋಗಿಲ್ಲ. ಎಐ ಉಪಕರಣ ತನ್ನ ಹೆಸರಿನಲ್ಲಿ ಸಹಿ ಹಾಕುವಂತಿಲ್ಲ, ಆ ಸಹಿ ಮನುಷ್ಯರದ್ದೇ ಆಗಿರಬೇಕು ಎಂದು ಅದರ ಮಾರ್ಗಸೂಚಿ ಹೇಳುತ್ತದೆ.

ಕರ್ಲ್‌ಗೆ ಆದದ್ದೇನು?

ಇಂಟರ್ನೆಟ್‌ನಲ್ಲಿ ಡೇಟಾ ಸಾಗಿಸುವ ಕರ್ಲ್ ಎಂಬ ತಂತ್ರಾಂಶ ಮೊಬೈಲ್‌ನಿಂದ ಕಾರಿನವರೆಗೆ ಎಲ್ಲೆಡೆ ಇದೆ. ಭದ್ರತಾ ಲೋಪ ಹುಡುಕಿಕೊಟ್ಟವರಿಗೆ ಈ ಯೋಜನೆ 2019ರಿಂದ ನಗದು ಬಹುಮಾನ ನೀಡುತ್ತಿತ್ತು. ಬಹುಮಾನದ ಆಸೆಗೆ ಎಐ ಬರೆದ ಸುಳ್ಳು ವರದಿಗಳು ಬಂದು ಬೀಳತೊಡಗಿದವು. 2025ರ ಮಧ್ಯಭಾಗದ ಹೊತ್ತಿಗೆ ಬಂದ ವರದಿಗಳಲ್ಲಿ ಸುಮಾರು ಶೇ. 20ರಷ್ಟು ಇಂಥವೇ ಆಗಿದ್ದವು, ನಿಜವಾದ ಲೋಪ ತೋರಿಸಿದ್ದು ಶೇ. 5ರಷ್ಟು ಮಾತ್ರ ಎಂದು ಯೋಜನೆಯ ಸ್ಥಾಪಕ ಡೇನಿಯಲ್ ಸ್ಟೆನ್‌ಬರ್ಗ್ ತಿಳಿಸಿದ್ದರು. ಕೊನೆಗೆ 2026ರ ಜನವರಿ ಅಂತ್ಯಕ್ಕೆ ಬಹುಮಾನ ಯೋಜನೆಯನ್ನೇ ನಿಲ್ಲಿಸಲಾಯಿತು.

ಇದರ ಇನ್ನೊಂದು ಮುಖವೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಒಬ್ಬ ಸಂಶೋಧಕರು ಎಐ ಉಪಕರಣಗಳ ನೆರವಿನಿಂದ ಪತ್ತೆ ಮಾಡಿದ ದೋಷಗಳ ಪಟ್ಟಿಯನ್ನು ಇದೇ ಸ್ಟೆನ್‌ಬರ್ಗ್ ಹೊಗಳಿದ್ದರು. ಅದರಿಂದ ಹತ್ತಾರು ತಿದ್ದುಪಡಿಗಳು ಆದವು. ಉಪಕರಣ ಬಳಸಿದವರು ಫಲಿತಾಂಶವನ್ನು ಅರ್ಥಮಾಡಿಕೊಂಡು ಕಳುಹಿಸಿದರೋ ಇಲ್ಲವೋ ಎಂಬುದೇ ಈ ಎರಡು ಅನುಭವಗಳ ನಡುವಿನ ವ್ಯತ್ಯಾಸ.

ಭಾರತದ ಕಾನೂನು ಏನು ಹೇಳುತ್ತದೆ?

1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 2(ಡಿ)(6) ಪ್ರಕಾರ, ಕಂಪ್ಯೂಟರ್ ರಚಿಸಿದ ಸಾಹಿತ್ಯ ಅಥವಾ ಕಲಾಕೃತಿಗೆ ಅದು ರಚನೆಯಾಗಲು ಕಾರಣರಾದ ವ್ಯಕ್ತಿಯೇ ಕರ್ತೃ. ಕಾಯ್ದೆಯಡಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಆದರೆ ಈ ನಿಯಮ ಬಂದದ್ದು ಚಾಟ್‌ಬಾಟ್‌ಗಳಿಗಿಂತ ಬಹಳ ಮೊದಲು. ಅಮೆರಿಕದ ಕಾಪಿರೈಟ್ ಕಚೇರಿಯ ನಿಲುವು ಬೇರೆ. ಸಂಪೂರ್ಣವಾಗಿ ಎಐ ರಚಿಸಿದ್ದಕ್ಕೆ ಕಾಪಿರೈಟ್ ಸಿಗುವುದಿಲ್ಲ ಎಂದು ಅದು 2025ರ ಜನವರಿಯ ವರದಿಯಲ್ಲಿ ಸ್ಪಷ್ಟಪಡಿಸಿದೆ. ದೇಶದಿಂದ ದೇಶಕ್ಕೆ ಕಾನೂನು ಹೀಗೆ ಬದಲಾಗುವುದರಿಂದಲೇ ಯೋಜನೆಗಳು ತಮ್ಮದೇ ನಿಯಮ ಬರೆದುಕೊಳ್ಳುತ್ತಿವೆ.

ವಿದ್ಯಾರ್ಥಿಗಳಿಗೆ ಯಾಕೆ ಮುಖ್ಯ?

ಪುಣೆ, ಬೆಂಗಳೂರು, ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಓಪನ್ ಸೋರ್ಸ್ ಕೊಡುಗೆ ಎಂದರೆ ರೆಸ್ಯೂಮೆಗೆ ತೂಕ. ಗೂಗಲ್ ಸಮ್ಮರ್ ಆಫ್ ಕೋಡ್‌ನಂಥ ಅವಕಾಶಗಳಿಗೂ ಅದೇ ಬಾಗಿಲು. ಆದರೆ ಅವಸರ ಕೆಟ್ಟ ಹೆಸರನ್ನೂ ತರುತ್ತದೆ. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಉಚಿತ ಟಿ-ಶರ್ಟ್‌ಗಾಗಿ ಅರ್ಥವಿಲ್ಲದ ತಿದ್ದುಪಡಿಗಳ ಮಹಾಪೂರವೇ ಹರಿದಿತ್ತು. ಆಯೋಜಕರು ನಡುವೆಯೇ ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಸ್ಪರ್ಧೆ ಸೀಮಿತಗೊಳಿಸಬೇಕಾಯಿತು. ಆಗ ಎಐ ಇನ್ನೂ ಜನರ ಕೈಗೆ ಬಂದಿರಲಿಲ್ಲ.

ಕೋಡ್ ಕಳುಹಿಸುವ ಮುನ್ನ ಗಮನಿಸಿ

* ಯೋಜನೆಯ 'ಕಾಂಟ್ರಿಬ್ಯೂಟಿಂಗ್' ಕಡತ ಓದಿ, ಎಐ ಬಗ್ಗೆ ನಿಯಮವಿದೆಯೇ ನೋಡಿ.
* ನಿಯಮ ಇಲ್ಲದಿದ್ದರೆ ಮೊದಲೇ ಕೇಳಿ. ಎಐ ಬಳಸಿದ್ದರೆ ನೀವಾಗಿಯೇ ತಿಳಿಸಿ.
* ಪ್ರತಿ ಸಾಲನ್ನೂ ಓದಿ, ನಿಮ್ಮ ಕಂಪ್ಯೂಟರ್‌ನಲ್ಲಿ ಚಲಾಯಿಸಿ ಪರೀಕ್ಷಿಸಿ.
* ಮೇಂಟೇನರ್ ಪ್ರಶ್ನೆ ಕೇಳಿದರೆ ಚಾಟ್‌ಬಾಟ್ ಉತ್ತರವನ್ನು ಅಂಟಿಸಬೇಡಿ, ಸ್ವಂತ ಮಾತಿನಲ್ಲಿ ಹೇಳಿ.
* 'ಈ ಸಾಲು ಯಾಕೆ ಬೇಕು' ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇಲ್ಲದಿದ್ದರೆ ಆ ಕೋಡ್ ಇನ್ನೂ ಕಳುಹಿಸಲು ಸಿದ್ಧವಾಗಿಲ್ಲ ಎಂದೇ ಅರ್ಥ.

ನಿಷೇಧ ಹೇರಿದ ಜೆಂಟೂ ಆಗಲಿ, ಷರತ್ತಿನ ಮೇಲೆ ಒಪ್ಪಿದ ಫೆಡೋರಾ ಆಗಲಿ, ಒಂದು ಮಾತಿನಲ್ಲಿ ಎರಡೂ ಒಂದೇ. ನಾಳೆ ಆ ಕೋಡ್ ಕೆಟ್ಟರೆ ಉತ್ತರ ಕೊಡಲು ಒಬ್ಬ ಮನುಷ್ಯ ಇರಬೇಕು.